ಅಕ್ರಿಲಿಕ್ ಹಲಗೆಯೊಳಗೆ ಎಡಿಸನ್ನನ ಯಂತ್ರಶಾಲೆ

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಬೆಂಗಳೂರಿನ ಒಂದು ಮುದ್ರಣ ಸಂಸ್ಥೆಯಲ್ಲಿ ಅಕ್ರಿಲಿಕ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಗೋಡೆಚಿತ್ರವೊಂದನ್ನು ಮಾಡಿಸಿ, ಕೊಡಗಿನ ಸುಂಟಿಕೊಪ್ಪ ಸಮೀಪದ ನಮ್ಮ ತೋಟದ ಮನೆಗೆ ತರಿಸಿದೆ. ಚಿತ್ರ ಅವರ ಸಂಗ್ರಹದ್ದಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಳಿಯ ವೆಸ್ಟ್ ಆರೆಂಜಿನ ಎಡಿಸನ್ ಪ್ರಯೋಗಾಲಯವನ್ನು ನೋಡಲು ಹೋಗಿದ್ದಾಗ ಮೊಬೈಲಿನಲ್ಲಿ ತೆಗೆದದ್ದು. ಥಾಮಸ್ ಆಲ್ವಾ ಎಡಿಸನ್ 1887ರಲ್ಲಿ ಕಟ್ಟಿಸಿದ ಆ ಪ್ರಯೋಗಾಲಯದ ಮುಖ್ಯ ಕಟ್ಟಡ ಮೂರು ಅಂತಸ್ತಿನದು; ಅದರ ನೆಲ ಅಂತಸ್ತಿನಲ್ಲಿ ಭಾರಿ ಯಂತ್ರಗಳ ಕಾರ್ಯಾಗಾರವಿದೆ. ಈಗ ಅದನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. (ಬಲ್ಬು ಸಿದ್ಧವಾದದ್ದು ಇಲ್ಲಲ್ಲ, 1879ರಲ್ಲಿ, ಮೆನ್ಲೋ ಪಾರ್ಕಿನ ಹಳೆಯ ಪ್ರಯೋಗಾಲಯದಲ್ಲಿ. ಮನೆಗೆ ಬಂದ ನೆಂಟರಿಗೆಲ್ಲ ಇದನ್ನು ಒಮ್ಮೆ ಹೇಳಬೇಕಾಗುತ್ತದೆ.)

ಈ ಚಿತ್ರವೇ ಬೇಕೆಂದು ನಾನು ಹಟ ಹಿಡಿಯಲು ಕಾರಣ ಎಡಿಸನ್ ಅಲ್ಲ, ಸೂರಿನಡಿ ಉದ್ದಕ್ಕೂ ಹಾದುಹೋಗಿರುವ ಕಬ್ಬಿಣದ ಲೈನ್ ಶಾಫ್ಟ್ (ತಿರುಗುವ ಉದ್ದನೆಯ ದಂಡ) ಮತ್ತು ಅದರಿಂದ ಪ್ರತಿ ಯಂತ್ರಕ್ಕೂ ಇಳಿದಿರುವ ಚಪ್ಪಟೆ ಬೆಲ್ಟುಗಳು. ಯಂತ್ರಕ್ಕೊಂದು ಮೋಟಾರು ಎಂಬ ಪದ್ಧತಿ ಬರುವ ಮೊದಲು ಕಾರ್ಯಾಗಾರಗಳೆಲ್ಲ ನಡೆಯುತ್ತಿದ್ದುದು ಹೀಗೆ: ಒಂದೇ ಎಂಜಿನ್ನು ಮೇಲಿನ ಶಾಫ್ಟನ್ನು ಬೆಳಗಿನಿಂದ ಸಂಜೆಯವರೆಗೆ ತಿರುಗಿಸುತ್ತಿತ್ತು, ಕೆಲಸಗಾರನು ತನ್ನ ಲೇತನ್ನು (ಲೋಹ ಕಡೆಯುವ ಯಂತ್ರವನ್ನು) ನಿಲ್ಲಿಸಬೇಕೆಂದರೆ ಬೆಲ್ಟನ್ನು ಖಾಲಿ ತಿರುಗುವ ಪಕ್ಕದ ಗಾಲಿಗೆ ಸರಿಸುತ್ತಿದ್ದನು, ವೇಗ ಬದಲಿಸಬೇಕೆಂದರೆ ಮೆಟ್ಟಿಲಿನಂತಿರುವ ಗಾಲಿಯ ಬೇರೊಂದು ಮೆಟ್ಟಿಲಿಗೆ ದಾಟಿಸುತ್ತಿದ್ದನು. ನಮ್ಮ ಪಲ್ಪರ್ ಮನೆಯಲ್ಲಿಯೂ ಅಪ್ಪನ ಕಾಲದಲ್ಲಿ ಇದೇ ವ್ಯವಸ್ಥೆಯ ಸಣ್ಣ ರೂಪವಿತ್ತು. ಒಂದು ಡೀಸೆಲ್ ಎಂಜಿನ್ನು, ಗೋಡೆಗೆ ಕೂರಿಸಿದ ಒಂದು ಶಾಫ್ಟು, ಅದರಿಂದ ಅರೇಬಿಕಾ ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಒಂದು ಬೆಲ್ಟು, ನೀರಿನ ಪಂಪಿಗೆ ಇನ್ನೊಂದು. ಬೆಲ್ಟು ಜಾರತೊಡಗಿದರೆ ಅಪ್ಪ ಅದಕ್ಕೆ ರಾಳ ಸವರುತ್ತಿದ್ದರು.

ಆದ್ದರಿಂದಲೇ ಮೊದಲು ಬಂದ ಹಲಗೆಯನ್ನು ಬಿಚ್ಚಿದಾಗ ನನಗೆ ಸಿಟ್ಟು ಬಂತು. ನಾನು ಆರಿಸಿದ್ದ ಅಳತೆ 36×24 ಅಂಗುಲ. ಮೊಬೈಲಿನ ಚಿತ್ರವೋ ನಾಲ್ಕಕ್ಕೆ ಮೂರರ ಪ್ರಮಾಣದ್ದು, ಅಂದರೆ 36 ಅಂಗುಲ ಅಗಲಕ್ಕೆ 27 ಅಂಗುಲ ಎತ್ತರ ಬೇಕು. ಉಳಿದ ಮೂರು ಅಂಗುಲವನ್ನು ಅವರು ನನ್ನನ್ನು ಕೇಳದೆ ಮೇಲಿನಿಂದ ಕತ್ತರಿಸಿದ್ದರು. ಶಾಫ್ಟೇ ಹೋಗಿತ್ತು. ಬೆಲ್ಟುಗಳೆಲ್ಲ ಎಲ್ಲಿಗೋ ಏರಿ ಅಂಚಿನಲ್ಲಿ ಮಾಯವಾಗಿದ್ದವು. ಫೋನು ಮಾಡಿದರೆ ಆ ಕಡೆಯ ಹುಡುಗ ಬಹಳ ವಿನಯದಿಂದಲೇ, “ಮೇಲಿದ್ದದ್ದು ಬರೀ ಕಪ್ಪು ರಾಡ್ ಅಲ್ವಾ ಸರ್, ಯಂತ್ರ ಎಲ್ಲಾ ಪೂರ್ತಿ ಬಂದಿದೆ” ಎಂದ. ಆ ರಾಡು ತಿರುಗದಿದ್ದರೆ ಕೆಳಗಿನ ಒಂದು ಯಂತ್ರವೂ ತಿರುಗದು ಎಂಬುದನ್ನು ಅವನಿಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ಅರ್ಧ ಬೆಲೆಗೆ 36×27 ಅಳತೆಯಲ್ಲಿ ಇನ್ನೊಂದನ್ನು ಮಾಡಿಕೊಟ್ಟರು; ಮೊದಲನೆಯದನ್ನು ವಾಪಸು ಕೇಳಲಿಲ್ಲ. ಕತ್ತರಿಸುವ ಮೊದಲು ಮಾದರಿಯನ್ನು ಗ್ರಾಹಕನಿಗೆ ಕಳಿಸಿ ಒಪ್ಪಿಗೆ ಪಡೆಯುವ ಕ್ರಮ ಅವರಲ್ಲಿ ಇಲ್ಲದಿರುವುದು ಈ ಸೇವೆಯ ದೊಡ್ಡ ಕೊರತೆಯೆಂದೇ ನಾನು ಎಣಿಸುತ್ತೇನೆ.

ಎರಡನೆಯ ಹಲಗೆಯ ವಿಷಯದಲ್ಲಿ ಹೊಗಳದೆ ವಿಧಿಯಿಲ್ಲ. ಇದು ಅಕ್ರಿಲಿಕ್ಕಿನ ಮೇಲೆ ನೇರವಾಗಿ ಶಾಯಿ ಹಾಕಿದ್ದಲ್ಲ. ಫೋಟೋ ಕಾಗದದ ಮೇಲೆ ಮುದ್ರಿಸಿ, ಅದರ ಮುಖಕ್ಕೆ 5 ಮಿಲಿಮೀಟರ್ ದಪ್ಪದ ಅಕ್ರಿಲಿಕ್ಕನ್ನು ಪಾರದರ್ಶಕ ಅಂಟಿನಿಂದ ಕೂಡಿಸಿ, ಬೆನ್ನಿಗೆ ಅಲ್ಯೂಮಿನಿಯಂ ಹಾಳೆ ಕೊಟ್ಟದ್ದು. ಸಾಮಾನ್ಯ ಚೌಕಟ್ಟಿನಲ್ಲಿ ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿಯ ಪದರ ಇರುವುದರಿಂದ ಬೆಳಕು ಗಾಜಿನ ಎರಡೂ ಮೈಗಳಲ್ಲಿ, ಮತ್ತೆ ಕಾಗದದ ಮೈಯಲ್ಲಿ ಪ್ರತಿಫಲಿಸುತ್ತದೆ. ಕಪ್ಪು ಬಣ್ಣದ ಮೇಲೆ ಬೂದಿಯಂಥ ತೆರೆ ಕವಿಯುವುದು ಅದರಿಂದ. ಇಲ್ಲಿ ಆ ಪದರವೇ ಇಲ್ಲ. ಕಿಟಕಿಯ ಬಿಳಿ ಬೆಳಕು, ಅದರ ಮುಂದೆ ಯಂತ್ರಗಳ ಕಪ್ಪು ಮೈ, ಆ ಕಪ್ಪಿನೊಳಗೂ ಎರಕದ ಕಬ್ಬಿಣದ ಒರಟುತನ, ಸವೆದ ಹಿಡಿಕೆಯ ಹೊಳಪು, ಬೆಲ್ಟಿನ ಜೋಡಣೆ, ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಮದುವೆಯ ಫೋಟೋಗೋ ಹೂವಿನ ಚಿತ್ರಕ್ಕೋ ಈ ಹೊಳಪು ಅತಿಯೆನಿಸಬಹುದು, ಆದರೆ ಕತ್ತಲೆಯೇ ಹೆಚ್ಚಿರುವ ಯಂತ್ರಶಾಲೆಗೆ ಇದು ಹೇಳಿ ಮಾಡಿಸಿದ ಮಾಧ್ಯಮ.

ಸ್ಪಷ್ಟತೆಗೆ ಮಿತಿ ಇರುವುದು ಮೂಲ ಚಿತ್ರದಲ್ಲಿ. 12 ಮೆಗಾಪಿಕ್ಸೆಲ್‌ನ ಚಿತ್ರದ ಅಗಲ 4032 ಚುಕ್ಕಿಗಳು. ಅದನ್ನು 36 ಅಂಗುಲಕ್ಕೆ ಎಳೆದರೆ ಅಂಗುಲಕ್ಕೆ 112 ಚುಕ್ಕಿ ಸಿಗುತ್ತವೆ. ಆರಡಿ ದೂರದಿಂದ ಏನೂ ಕೊರತೆ ಕಾಣದು, ಮೂಗು ತಾಗಿಸಿ ನೋಡುವವರಿಗೆ ಹಿಂದಿನ ಸಾಲಿನ ವೈಸುಗಳ (ಲೋಹವನ್ನು ಬಿಗಿಹಿಡಿಯುವ ಇಕ್ಕಳಗಳ) ಅಂಚು ನೀರಿನಲ್ಲಿ ಅದ್ದಿದಂತೆ ಕಾಣುತ್ತದೆ.

ಕೊಡಗಿನವರು ನಿಜವಾಗಿ ಕೇಳುವ ಪ್ರಶ್ನೆ ಮಳೆಗಾಲದ್ದು. ನಮ್ಮ ಹಜಾರದಲ್ಲಿದ್ದ ಹಳೆಯ ಫೋಟೋಗಳ ಗತಿ ನನಗೆ ಗೊತ್ತು: ಜೂನಿನಿಂದ ಕಕ್ಕಡ (ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮುಗಿಯುವವರೆಗೆ ಬಟ್ಟೆಯೇ ಒಣಗದ ತೇವದಲ್ಲಿ ಕಾಗದ ಉಬ್ಬಿ, ಅಂಚಿನಿಂದ ಬೂಷ್ಟು ಹತ್ತಿ, ಹಿಂಬದಿಯ ಹಲಗೆಗೆ ಗೆದ್ದಲು ಹಿಡಿದು, ಅಜ್ಜನ ಫೋಟೋವಂತೂ ಗಾಜಿಗೇ ಅಂಟಿಕೊಂಡು, ಬಿಡಿಸಲು ಹೋದಾಗ ಅರ್ಧ ಮುಖ ಗಾಜಿನಲ್ಲೇ ಉಳಿಯಿತು. ಅಕ್ರಿಲಿಕ್ ಹಲಗೆ ಒಂದು ಪೂರ್ತಿ ಮಳೆಗಾಲವನ್ನು ಕಲೆಯಿಲ್ಲದೆ ಕಳೆದಿದೆ. ಅಂಚಿನ ಅಂಟಿನೊಳಗೆ ತೇವ ನುಸುಳುವ ಸಾಧ್ಯತೆ ಇದ್ದೇ ಇರುವುದರಿಂದ ನಾಲ್ಕೂ ಬದಿಯನ್ನು ಆಗಾಗ ಟಾರ್ಚು ಹಿಡಿದು ನೋಡುತ್ತೇನೆ; ಈವರೆಗೆ ಎಲ್ಲಿಯೂ ಬಿಳಿಚಿಲ್ಲ.

ಅಕ್ರಿಲಿಕ್ ಗಾಜಿನ ಅರ್ಧದಷ್ಟೇ ಭಾರವಾದರೂ, ನಮ್ಮ ಹಳೆಯ ಮಣ್ಣುಗೋಡೆಯಲ್ಲಿ ಅವರು ಕಳಿಸಿದ ಸ್ಕ್ರೂಗಳು ನಿಲ್ಲಲಿಲ್ಲ. ಆಚಾರಿಯನ್ನು ಕರೆಸಿ ಮೇಲಿನ ತೊಲೆಗೆ ಮರದ ಪಟ್ಟಿ ಹೊಡೆಸಿ, ಅದರಿಂದ ಇಳಿಬಿಟ್ಟೆವು. ಗೋಡೆಗೂ ಹಲಗೆಗೂ ನಡುವೆ ಒಂದು ಅಂಗುಲ ಬಿಡುವಿರುವುದು ತೇವಕ್ಕೆ ಒಳ್ಳೆಯದೇ, ಆದರೆ ಮೊದಲ ತಿಂಗಳಲ್ಲಿಯೇ ಕಣಜವೊಂದು ಅಲ್ಲಿ ಮಣ್ಣಿನ ಗೂಡು ಕಟ್ಟಿತು.

ಜಾಗ ಆರಿಸುವಾಗ ಎಚ್ಚರ ಬೇಕು. ಮೊದಲು ಕಿಟಕಿಯ ಎದುರಿಗೆ ತೂಗಿಹಾಕಿದ್ದೆವು. ಬೆಳಿಗ್ಗೆ ಹತ್ತರವರೆಗೆ ಎಡಿಸನ್ನನ ಲೇತುಗಳ ಮೇಲೆ ನಮ್ಮ ಸಿಲ್ವರ್ ಓಕ್ ಮರಗಳೂ ಮೆಣಸಿನ ಬಳ್ಳಿಯೂ ತೂಗಾಡುತ್ತಿದ್ದವು. ಕಿಟಕಿಯ ಪಕ್ಕದ ಗೋಡೆಗೆ ಬದಲಿಸಿದ ಮೇಲೆಯೇ ಚಿತ್ರ ಚಿತ್ರವಾಗಿ ಕಂಡದ್ದು. ಒರೆಸುವುದೂ ಅಷ್ಟೇ ಸೂಕ್ಷ್ಮ. ಅಕ್ರಿಲಿಕ್ಕಿನ ಮೈ ಗಾಜಿಗಿಂತ ಬಹಳ ಮೆದು, ಒಣಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ತು ಹುಟ್ಟಿ ಮತ್ತಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಅಮೋನಿಯಾ ಅಥವಾ ಸ್ಪಿರಿಟ್ ಇರುವ ಗಾಜು ಒರೆಸುವ ದ್ರವ ತಾಗಿದರೆ ಸಣ್ಣ ಸೀಳುಗಳು ಬೀಳಬಹುದು. ಇದನ್ನು ಹೇಳುವ ಒಂದು ಚೀಟಿಯೂ ಪೆಟ್ಟಿಗೆಯಲ್ಲಿರಲಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕ ಕಿಟಕಿಯ ಗಾಜಿನಂತೆಯೇ ಇದನ್ನೂ ಪತ್ರಿಕೆಯ ಹಾಳೆಯಿಂದ ಉಜ್ಜಿದ್ದರಿಂದ ಬಲ ಮೂಲೆಯಲ್ಲಿ ನಾಲ್ಕು ಕೂದಲೆಳೆಯ ಗೀರುಗಳು ಬಿದ್ದಿವೆ, ತಪ್ಪು ಅವರದಲ್ಲ. ಈಗ ಒದ್ದೆ ಮೆತ್ತನೆಯ ಬಟ್ಟೆಯಿಂದ ಮಾತ್ರ, ಒತ್ತದೆ, ಒರೆಸುತ್ತೇವೆ.

ಸಾಗಣೆ ಸೇರಿ ಮೊದಲನೆಯದಕ್ಕೆ 11,000 ರೂಪಾಯಿಗೆ ತುಸು ಮೇಲಾಯಿತು. ಕಾಗದದ ಮುದ್ರಣಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರೆ ಇದರ ಮೂರರಲ್ಲೊಂದು ಪಾಲಿಗೆ ಮುಗಿಯುತ್ತಿತ್ತು, ಆದರೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ಮಾಡಿಸಬೇಕಾಗುತ್ತಿತ್ತು. ಮತ್ತೊಮ್ಮೆ ಮಾಡಿಸುವುದಾದರೆ ಅಕ್ರಿಲಿಕ್ಕನ್ನೇ ಮಾಡಿಸುತ್ತೇನೆ, ಹಣ ಕಟ್ಟುವ ಮೊದಲು ನಾಲ್ಕೂ ಅಂಚು ಕಾಣುವ ಮಾದರಿಯನ್ನು ಮಾತ್ರ ಬರವಣಿಗೆಯಲ್ಲಿ ಕೇಳಿ ಪಡೆಯುತ್ತೇನೆ.

ಶಾಫ್ಟಿಲ್ಲದ ಮೊದಲ ಹಲಗೆ ಕೆಲವು ತಿಂಗಳು ಅಟ್ಟದ ಮೇಲಿತ್ತು. ಕೊಯ್ಲಿಗೆ ಮುಂಚೆ ಪಲ್ಪರ್ ಮನೆಯನ್ನು ಗುಡಿಸುವಾಗ ಅದನ್ನು ಇಳಿಸಿ, ಅಪ್ಪನ ಕಾಲದ ಶಾಫ್ಟು ಇನ್ನೂ ತುಕ್ಕು ಹಿಡಿದು ಕೂತಿರುವ ಗೋಡೆಯಲ್ಲಿ, ಸರಿಯಾಗಿ ಅದರ ಕೆಳಗೆ ತೂಗಿಹಾಕಿದೆವು. ಚಿತ್ರದ ಬೆಲ್ಟುಗಳು ಈಗ ನೇರವಾಗಿ ಅದಕ್ಕೇ ಏರಿ ಸೇರುತ್ತವೆ.