1906ರ ಮಾದರಿಯ ಚರ್ಮದ ಫುಟ್‌ಬಾಲ್: ಅಳತೆ ಟೇಪು ಹಿಡಿದೇ ಕೊಳ್ಳಿ

ಅಮೆರಿಕದ ಹಳೇ ಕಾಲೇಜು ಫುಟ್‌ಬಾಲಿನ (ಕೈಯಲ್ಲೂ ಹಿಡಿದು ಆಡುವ, ಮೊಟ್ಟೆಯಾಕಾರದ ಚೆಂಡಿನ ಆಟ) ಚೆಂಡು ಎಂದು ಆನ್‌ಲೈನಿನಲ್ಲಿ ಸಿಗುವ ಹಲವು ಚೆಂಡುಗಳು ಇಂದಿನ ಅಳತೆಯವೇ. ಕಂದು ಬಣ್ಣ ಕೊಟ್ಟು ಹಳತು ಮಾಡಿರುತ್ತಾರೆ, ಅಷ್ಟೆ. ಇಲ್ಲಿ ಹೇಳುತ್ತಿರುವ ಕೈಹೊಲಿಗೆಯ ಚೆಂಡು ಆ ಜಾತಿಯದಲ್ಲ. ನಾಲ್ಕು ತುಂಡು ದಪ್ಪ ಚರ್ಮ, ಒಳಗೆ ಪ್ರತ್ಯೇಕ ರಬ್ಬರ್ ಬ್ಲಾಡರ್ (ಗಾಳಿ ತುಂಬುವ ಚೀಲ), ಮೇಲೆ ಏಳು ಅಡ್ಡ ಲೇಸು. ನಡುವಿನ ಸುತ್ತಳತೆ 22¾ ಇಂಚು. 1906ರ ನಿಯಮದಲ್ಲಿ ಚೆಂಡಿನ ಆಕಾರದ ಮಾತಿತ್ತು, ಸುತ್ತಳತೆಯದಿರಲಿಲ್ಲ. 1912ರಲ್ಲಿ ಅದನ್ನು 22½ರಿಂದ 23 ಇಂಚು ಎಂದು ಗೊತ್ತುಮಾಡಿದರು. ಇಂದಿನ ಕಾಲೇಜು ಚೆಂಡು ಹೆಚ್ಚೆಂದರೆ 21¼.

ಈ ಒಂದೂವರೆ ಇಂಚಿನಲ್ಲೇ ಎಲ್ಲ ಇದೆ. ಕರಬೂಜದ ಹಾಗೆ ಉಬ್ಬಿದ ನಡುವನ್ನು ಹಿಡಿದರೆ ಬೆರಳು ಸುತ್ತಿ ಬರುವುದಿಲ್ಲ. ಎಸೆದ ಚೆಂಡು ಪಲ್ಟಿ ಹೊಡೆಯುತ್ತಾ ಹೋಗುತ್ತದೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ಕೋಕಮ್ಸ್ 1906ರ ಬೇಸಿಗೆಯಲ್ಲಿ ವಿಸ್ಕಾನ್ಸಿನ್‌ನ ಲೇಕ್ ಬ್ಯೂಲಾದಲ್ಲಿ ಹುಡುಗರಿಗೆ ಹೇಳಿಕೊಟ್ಟ ಹಿಡಿತವೇ ಇದಕ್ಕೆ ಸರಿ: ಚೆಂಡು ಸಣ್ಣಗಾಗುವ ತುದಿಯ ಕಡೆ, ಕೊನೆಯ ಎರಡು ಲೇಸಿನ ನಡುವೆ ಬೆರಳಿಟ್ಟು, ಉದ್ದದ ಅಕ್ಷದ ಮೇಲೆ ತಿರುಗುವಂತೆ ಎಸೆಯಬೇಕು. ಚೆಂಡನ್ನು ಮುಂದಿರುವ ಜೊತೆಗಾರನಿಗೆ ಎಸೆದು ಪಾಸು ಕೊಡಲು ಆ ವರ್ಷವಷ್ಟೇ ಅನುಮತಿ ಸಿಕ್ಕಿತ್ತು. ಸೆಪ್ಟೆಂಬರ್ 5ರಂದು ಕ್ಯಾರಲ್ ಕಾಲೇಜಿನ ಎದುರು ಕೋಕಮ್ಸ್ ತಂಡದ ಬ್ರಾಡ್‌ಬರಿ ರಾಬಿನ್ಸನ್ ಎಸೆದ ಮೊದಲ ಪಾಸನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ಚೆಂಡು ಎದುರಾಳಿಗಳ ಪಾಲಾಯಿತು. ಅಂದಿನ ನಿಯಮ ಅಷ್ಟು ಕಠಿಣ. ಆಮೇಲೆ ಜೊತೆಗಾರ ಜ್ಯಾಕ್ ಶ್ನೈಡರ್‌ಗೆ ಎಸೆದದ್ದು ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ ಅಂಕ ಗಳಿಸುವುದು) ಆಯಿತು. ಆ ಸೀಸನ್ನಿನ 11 ಪಂದ್ಯಗಳನ್ನೂ ಸೇಂಟ್ ಲೂಯಿಸ್ ತಂಡದವರೇ ಗೆದ್ದರು; ಒಟ್ಟು ಅಂಕ 407, ಬಿಟ್ಟುಕೊಟ್ಟದ್ದು 11. ಈ ಚೆಂಡು ಹಿಡಿದು ನೋಡಿದರೆ ಆ ಅಂಕಿಗಳ ತೂಕ ತಿಳಿಯುತ್ತದೆ.

ಗಾಳಿ ತುಂಬುವ ಕೆಲಸ ನಿಧಾನದ್ದು. ಬ್ಲಾಡರನ್ನು ಲೇಸು ಹಾಕುವ ಸೀಳಿನಿಂದ ಒಳಗೆ ಬಿಟ್ಟು, ಸ್ವಲ್ಪ ಗಾಳಿ ಕೊಟ್ಟು, ಎರಡೂ ತುದಿಗೆ ಮುಟ್ಟುವಂತೆ ಬೆರಳಿನಿಂದ ಸರಿಮಾಡಿ. ಎಲ್ಲೂ ಮಡಿಕೆ ಉಳಿಯಬಾರದು; ಮಡಿಕೆ ಇದ್ದಲ್ಲೇ ರಬ್ಬರ್ ಸವೆದು ತೂತಾಗುವುದು. ಪೂರ್ತಿ ತುಂಬಿದ ಮೇಲೆ ಬ್ಲಾಡರಿನ ಗಾಳಿ ಕೊಳವೆಯನ್ನು ಮಡಚಿ ದಾರದಿಂದ ಬಿಗಿದು, ಚರ್ಮದ ಕೆಳಗೆ ಪಕ್ಕಕ್ಕೆ ಮಲಗಿಸಿ, ನಂತರ ಲೇಸು ಎಳೆಯಿರಿ. ಕೊಳವೆ ನೆಟ್ಟಗೆ ನಿಂತರೆ ಲೇಸಿನಡಿ ಗಂಟು ಎದ್ದು ಚೆಂಡು ಓಲಾಡುತ್ತದೆ.

ಎರಡು ಕೊರತೆ ಇವೆ. ಮೇಲಿನ ಹೊಳಪಿನ ಲೇಪದಿಂದ ಕೈ ಜಾರುತ್ತದೆ. ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿದರೆ ಸುಮಾರಾಗಿ ಹೋಗುತ್ತದೆ. ಜೊತೆಗೆ ಬರುವ ಲೇಸು ನೈಲಾನ್, ಗಂಟು ನಿಲ್ಲುವುದಿಲ್ಲ. ಚರ್ಮದ ಪಟ್ಟಿಯನ್ನೇ ಹಾಕಿಸಿ. ಮಳೆಯಲ್ಲಿ ಆಡಬೇಡಿ: ಚರ್ಮ ನೀರು ಕುಡಿದು ಭಾರವಾಗುತ್ತದೆ. ನೆನೆದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

ಐದಕ್ಕೆ ನಾಲ್ಕು ಕೊಡಬಹುದು. ಬೇರೆ ಅಂಗಡಿಯಲ್ಲಿ ಕೊಳ್ಳುವುದಾದರೆ ಮೊದಲು ನಡುವಿನ ಸುತ್ತಳತೆ ಕೇಳಿ. 22ಕ್ಕಿಂತ ಕಡಿಮೆ ಎಂದರೆ ಬಿಟ್ಟುಬಿಡಿ. ಸಿಕ್ಕಾಗಲೇ ಒಂದು ಹೆಚ್ಚುವರಿ ಬ್ಲಾಡರನ್ನೂ ತರಿಸಿಟ್ಟುಕೊಳ್ಳಿ.