ತೀನ್ ಕಂದೀಲ್ ಕಡೆಯ ಒಗ್ಗಾಣಿ ಅಂಗಡಿ: ನಾಲ್ಕು ಸ್ಟಾರ್

ರಾಯಚೂರಿನ ತೀನ್ ಕಂದೀಲ್ ಕಡೆ ಸಂಜೆ ಹೋದರೆ ಈ ಅಂಗಡಿ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಒಗ್ಗಾಣಿ ಹದವಾಗಿರುತ್ತದೆ, ಮೇಲೆ ಪುಟಾಣಿ ಪುಡಿ ಧಾರಾಳ. ಮಿರ್ಚಿ ಖಾರ ಅಂದ್ರೆ ಖಾರ.

ನನಗೆ ಜಾಸ್ತಿ ಹಿಡಿಸಿದ್ದು ಗಲ್ಲಾಪೆಟ್ಟಿಗೆ ಹಿಂದಿನ ಗೋಡೆ. ದೇವರ ಫೋಟೊ ಪಕ್ಕದಲ್ಲೇ ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಗಾಜಿಗೆ ಎಣ್ಣೆ ಜಿಡ್ಡು ಹತ್ತಿದೆ, ಆದರೂ 14 ಅಂಕಿಯ ನಂಬರ್ ಓದಬಹುದು. ಸುಮ್ನೆ ಅವರದೇ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಇದೇ ಅಂಗಡಿಯ ಹೆಸರು ಬಂತು. ಬಿಲ್ ಮೇಲೂ ಅದೇ ನಂಬರ್. 2022ರ ಜನವರಿಯಿಂದ ಅದು ಕಡ್ಡಾಯ. ಆದರೆ ಎಷ್ಟು ಕಡೆ ಬಿಲ್ಲೇ ಕೊಡುವುದಿಲ್ಲ, ಅಲ್ವಾ?

ಕರಿಯುವ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಮತ್ತೆ ಮತ್ತೆ ಕಾಯಿಸಿದಷ್ಟೂ ಹೆಚ್ಚುವ ಕೆಟ್ಟ ಅಂಶ) 25% ದಾಟಬಾರದು ಅಂತ ನಿಯಮ. ಅದನ್ನು ಮೀಟರ್ ಹಾಕಿಯೇ ಅಳೆಯಬೇಕು, ನಮ್ಮಂಥವರು ಬಣ್ಣ, ವಾಸನೆ ನೋಡಬಹುದು ಅಷ್ಟೇ. ಇಲ್ಲಿ ಎಣ್ಣೆ ಕಪ್ಪಾಗಿಲ್ಲ, ಬಾಣಲೆಯ ತಳ ಕಾಣುತ್ತದೆ.

ಪಾರ್ಸಲ್ ಮಾತ್ರ ಇನ್ನೂ ಹಳೆ ಪೇಪರಿನಲ್ಲಿ. ಬಿಸಿ ಮಿರ್ಚಿಗೆ ಮಸಿ ಹತ್ತುತ್ತದೆ, ಪೇಪರಿನಲ್ಲಿ ಕಟ್ಟಬೇಡಿ ಅಂತ ಎಫ್ಎಸ್ಎಸ್ಎಐ ಹೇಳುತ್ತಲೇ ಇದೆ. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಹೋಗುವಾಗ ಡಬ್ಬಿ ಒಯ್ಯಿರಿ, ಬೇಡ ಅನ್ನುವುದಿಲ್ಲ.