ಹಿಟ್ಟಿನ ಗಿರಣಿಯ ಮೇಲೆ 1888ರ ಲಂಡನ್

ವಿನೋಬನಗರದ ಒಂದು ಮನೆಯ ಮೇಲ್ಮಹಡಿಯಲ್ಲಿ ಈಗ ಎಸ್ಕೇಪ್ ರೂಮ್, ಅಂದರೆ ಒಗಟು ಬಿಡಿಸಿ ಹೊರಬರಬೇಕಾದ ಕೋಣೆಯ ಆಟ, ನಡೆಯುತ್ತಿದೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ 1888ರ ನವೆಂಬರ್ ತಿಂಗಳ ಲಂಡನ್. ತಲೆಗೆ ಐನೂರು ರೂಪಾಯಿ, ಒಂದು ಗಂಟೆಯ ಆಟ. ಕಥೆ ಇಷ್ಟೇ: ನೀವು ಕಾಲಯಾನಿಗಳು. ನಿಮ್ಮ ಯಂತ್ರ ಕೆಟ್ಟು, ಅದರ ಮೂರು ಹಲ್ಲುಚಕ್ರಗಳು ವಿಕ್ಟೋರಿಯಾ ರಾಣಿಯ ಕಾಲದ ಮನೆಯೊಂದರಲ್ಲಿ ಚೆಲ್ಲಾಪಿಲ್ಲಿಯಾಗಿವೆ. ಅಂದು ರಾತ್ರಿ ಆ ಮನೆಯಲ್ಲಿ ಸತ್ತವರನ್ನು ಕರೆದು ಮಾತನಾಡಿಸುವ ಕೂಟವಿದೆ. ಗಂಟೆಯೊಳಗೆ ಚಕ್ರಗಳು ಸಿಗದಿದ್ದರೆ ನಿಮಗೂ ಅಲ್ಲೇ ವಾಸ.

ನಾನು ಸಾಗರದ ಕಡೆಯವನು, ಹವ್ಯಾಸಿ ನಾಟಕ ತಂಡಗಳಿಗೆ ಬೆಳಕು ಮಾಡುತ್ತೇನೆ. ಹಾಗಾಗಿ ದೆವ್ವ ಎದುರಿಗೆ ಬಂದರೂ ಅದಕ್ಕೆ ಬೆಳಕು ಎಲ್ಲಿಂದ ಬಿಟ್ಟಿದ್ದಾರೆ ಎಂದು ನೋಡುವ ಚಾಳಿ. ಜೊತೆಗೆ ಬಂದವರು ತೀರ್ಥಹಳ್ಳಿಯ ಭಾವ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಅವರ ಮಗಳು.

ಮೊದಲು ಹೊಗಳಬೇಕಾದದ್ದು ಬಟ್ಲರ್ ವೇಷದ ಹುಡುಗನನ್ನು. ಭವಿಷ್ಯದ ಸಂಗತಿ ಯಾರ ಬಾಯಿಂದಲಾದರೂ ಹೊರಬಿದ್ದರೆ ಪ್ರತಿಯೊಂದಕ್ಕೂ ಎರಡು ನಿಮಿಷ ಕಡಿತ ಎಂಬುದು ಇಲ್ಲಿನ ನಿಯಮ. ಅವನು ಚಹಾದ ತಟ್ಟೆ ಹಿಡಿದು ಸುತ್ತುತ್ತ ಬಹು ವಿನಯದಿಂದ ಬಲೆ ಬೀಸುತ್ತಾನೆ. ‘ಹೋದ ವರ್ಷ ಮಹಾರಾಣಿಯವರ ಸುವರ್ಣ ಮಹೋತ್ಸವ ನೋಡಿದಿರಾ ಸ್ವಾಮಿ? ವಜ್ರ ಮಹೋತ್ಸವಕ್ಕೂ ಅವರು ಇರುತ್ತಾರೆಯೇ?’ ಎಂದು ಕೇಳಿದ. ಊರಿನ ಕ್ವಿಜ್‌ಗಳಲ್ಲೆಲ್ಲ ಬಹುಮಾನ ಬಾಚಿದ ಭಾವನಿಗೆ ತಡೆಯಲಾಗಲಿಲ್ಲ. ‘ಇರುತ್ತಾರೆ, 1897ರಲ್ಲಿ. ತೀರಿಕೊಳ್ಳುವುದು 1901ರಲ್ಲಿ’ ಎಂದುಬಿಟ್ಟರು. ಒಂದೇ ಉಸಿರಿಗೆ ನಾಲ್ಕು ನಿಮಿಷ ಹೋಯಿತು. ಮುಂದಿನದೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಎಂಥ ಹಿಂಸೆ ಎಂಬುದನ್ನು ಆಮೇಲೆ ಅವರ ಮುಖದಲ್ಲಿ ನೋಡಬೇಕಿತ್ತು.

ಒಗಟುಗಳಲ್ಲಿ ಮೇಜಿನದ್ದು ಬಹಳ ಚೆನ್ನಾಗಿದೆ. ಎಲ್ಲರೂ ದುಂಡುಮೇಜಿನ ಮೇಲೆ ಅಂಗೈ ಊರಿ ಕೂರಬೇಕು. ದೀಪ ಮಂಕಾಗುತ್ತದೆ, ಸ್ವಲ್ಪ ಹೊತ್ತಿಗೆ ಮೇಜು ತಿರುಗತೊಡಗುತ್ತದೆ. ತಿರುಗಿಸುತ್ತಿರುವುದು ಯಾರೆಂದು ಪತ್ತೆ ಮಾಡಿದರೆ ಮೊದಲ ಚಕ್ರ ಸಿಗುತ್ತದೆ. ಕಪಾಟಿನಲ್ಲಿ ರಟ್ಟಿನ ಹಾಳೆಗಳು, ಮೆತ್ತನೆಯ ಅಂಟು, ಒಂದು ಉದ್ದ ಕಡ್ಡಿ ಇಟ್ಟಿರುತ್ತಾರೆ. ಇದು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲಿ ನಿಜವಾಗಿಯೂ ಮಾಡಿದ ಪ್ರಯೋಗ. ಆತ ಕೈಗೂ ಮೇಜಿಗೂ ನಡುವೆ ಮೆತ್ತನೆಯ ಅಂಟಿನಿಂದ ಹಿಡಿಸಿದ ರಟ್ಟಿನ ಪದರಗಳನ್ನಿಟ್ಟ. ಮೇಜು ತಾನಾಗಿ ತಿರುಗಿ ಕೈಯನ್ನು ಎಳೆದಿದ್ದರೆ ಕೆಳಗಿನ ಪದರ ಮೊದಲು ಸರಿಯಬೇಕು. ಕೈಯೇ ತಳ್ಳಿದ್ದರೆ ಮೇಲಿನದು. ಸರಿದದ್ದು ಮೇಲಿನದು. ಕಡ್ಡಿಯ ಸೂಚಕವೊಂದನ್ನು ಜೋಡಿಸಿ ಕುಳಿತವರ ಕಣ್ಣೆದುರೇ ಇಟ್ಟಾಗ ಮೇಜಿನ ಓಡಾಟವೇ ನಿಂತುಹೋಯಿತು. ನಮ್ಮ ಹುಡುಗಿ ಕಡ್ಡಿ ನಿಲ್ಲಿಸಿ, ‘ಅಪ್ಪಾ, ತಳ್ಳುತ್ತಿರುವುದು ನೀವೇ’ ಎಂದಳು. ಭಾವ ದೇವರಾಣೆಗೂ ತಾನಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಗೊತ್ತಿಲ್ಲದೆಯೇ ತಳ್ಳುತ್ತಾರೆ ಎಂಬುದೇ ಫ್ಯಾರಡೆ ಕಂಡುಕೊಂಡದ್ದು. ಮೇಜಿಗೆ ಮೋಟಾರ್ ಇಲ್ಲ, ಬರೀ ಬೇರಿಂಗ್. ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

ಇನ್ನು ದೆವ್ವ. ಅಗ್ಗಿಷ್ಟಿಕೆಯ ಪಕ್ಕ ಬಿಳಿ ಗೌನಿನ ಹುಡುಗಿಯೊಬ್ಬಳು ಮೂಡುತ್ತಾಳೆ. ಅವಳ ಮೈಯೊಳಗಿಂದಲೇ ಹಿಂದಿನ ಕುರ್ಚಿ ಕಾಣುತ್ತದೆ. ಪರದೆಯಿಲ್ಲ, ಪ್ರೊಜೆಕ್ಟರ್ ಇಲ್ಲ. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರ ಕ್ರಿಸ್ಮಸ್ ಹಿಂದಿನ ರಾತ್ರಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ತಂತ್ರವನ್ನೇ ಇವರು ಬಳಸಿದ್ದಾರೆ. ಎಂಜಿನಿಯರ್ ಹೆನ್ರಿ ಡರ್ಕ್ಸ್‌ನ ಮೂಲ ಯೋಚನೆಯನ್ನು ಪೆಪ್ಪರ್ ರಂಗಕ್ಕೆ ಒಗ್ಗಿಸಿದ್ದ. ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ನೋಡುವವರಿಗೆ ಕಾಣದ ಕಡೆ ಕಪ್ಪು ಬಟ್ಟೆಯ ಗೂಡು, ಅದರೊಳಗೆ ಆಕೃತಿ. ಗೂಡಿನ ಬೆಳಕು ಏರಿಸಿದರೆ ಗಾಜಿನಲ್ಲಿ ಪ್ರತಿಬಿಂಬ ಹುಟ್ಟುತ್ತದೆ, ಇಳಿಸಿದರೆ ಕರಗುತ್ತದೆ. ಪೆಪ್ಪರ್‌ನ ಕಾಲದಲ್ಲಿ ಇದಕ್ಕೆ ಸುಣ್ಣದ ತುಂಡನ್ನು ಉರಿಯಲ್ಲಿ ಕಾಯಿಸಿ ಬರಿಸುವ ಪ್ರಖರ ಬೆಳಕು ಬೇಕಿತ್ತು. ಇಲ್ಲಿರುವುದು ಪುಟ್ಟ ಸ್ಪಾಟ್‌ಲೈಟು ಮತ್ತು ಡಿಮ್ಮರ್. ಆಕೃತಿಯೂ ಬಟ್ಟೆ ಅಂಗಡಿಯ ಬೊಂಬೆ. ಆದರೆ ಆ ಡಿಮ್ಮರ್ ತಿರುಗಿಸುವವರ ಕೈಗೆ ನಾನು ನಮಸ್ಕಾರ ಹೇಳುತ್ತೇನೆ. ಅಷ್ಟು ನಿಧಾನವಾಗಿ ಬೆಳಕು ಏರಿಸುವ ತಾಳ್ಮೆ ನಮ್ಮ ರಂಗದ ಮೇಲೂ ಅಪರೂಪ. ಗಾಜಿನ ಅಂಚು ಎಲ್ಲಿದೆ ಎಂದು ತಿಳಿದಿದ್ದ ನನಗೂ ರೋಮ ನಿಂತಿತು.

ಅಷ್ಟರಲ್ಲಿ ಸ್ಪೀಕರಿನಿಂದ ಒಂದು ಕಿರುಚಾಟ. ಎಲ್ಲ ಕೆಟ್ಟಿತು. ದೊಂದಿಯ ಬೆಳಕಿನ ಬಣ್ಣದ ವೇಷಕ್ಕೆ ಟ್ಯೂಬ್‌ಲೈಟ್ ಹಾಕಿದ ಹಾಗಾಯಿತು. ದಯವಿಟ್ಟು ಆ ಸ್ಪೀಕರ್ ಕಿತ್ತುಹಾಕಿ.

ಇಷ್ಟು ಓದಿಕೊಂಡು ಕಟ್ಟಿದವರು ಕೂಟದ ಮೇಜಿನ ಮೇಲೆ ಊಯಿಜಾ ಹಲಗೆ, ಅಂದರೆ ಆತ್ಮಗಳ ಉತ್ತರ ಪಡೆಯಲೆಂದು ಅಕ್ಷರ ಬರೆದ ಹಲಗೆ, ಇಟ್ಟದ್ದು ಮಾತ್ರ ಅರ್ಥವಾಗಲಿಲ್ಲ. ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1891ರಲ್ಲಿ. ಪೆನ್ಸಿಲ್ ಸಿಕ್ಕಿಸಿದ, ಚಕ್ರದ ಮೇಲೆ ಓಡುವ ಪ್ಲಾಂಚೆಟ್ ಇಟ್ಟಿದ್ದರೆ ಕಾಲಕ್ಕೆ ಸರಿಹೋಗುತ್ತಿತ್ತು. ಕೇಳಿದರೆ, ‘ಜನರಿಗೆ ಗೊತ್ತಿರುವುದು ಇದೇ ಸರ್’ ಎಂಬ ಉತ್ತರ. ಭವಿಷ್ಯ ಬಾಯಿಬಿಟ್ಟರೆ ದಂಡ ಹಾಕುವವರು ಮೂರು ವರ್ಷ ಮುಂದಿನ ವಸ್ತುವನ್ನು ತಾವೇ ತಂದಿಟ್ಟಿದ್ದಾರೆ, ಅವರಿಗೆಷ್ಟು ನಿಮಿಷ ಕಡಿತ? ಗೋಡೆಯ ಮೇಲಿನ ಪತ್ರಿಕೆಯಲ್ಲಿ 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕೇರಿಯಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳ ಸುದ್ದಿಯನ್ನೇ ತುಂಬಿದ್ದಾರೆ. ನಿಜವಾಗಿ ಸತ್ತ ಬಡ ಹೆಂಗಸರು ಆಟದ ಅಲಂಕಾರವಾಗುವುದು ನನಗೆ ಸೇರುವುದಿಲ್ಲ. ಆ ಜಾಗಕ್ಕೆ ಅದೇ ವರ್ಷದ ಅಕ್ಟೋಬರ್ 21ರ ಸುದ್ದಿ ಹಾಕಬಹುದಿತ್ತು. 1848ರಲ್ಲಿ ಆತ್ಮಗಳು ‘ಟಕ್ ಟಕ್’ ಎಂದು ಉತ್ತರಿಸುತ್ತವೆ ಎಂದು ಅಮೆರಿಕವನ್ನೇ ನಂಬಿಸಿದ್ದ ಫಾಕ್ಸ್ ಸೋದರಿಯರಲ್ಲಿ ಒಬ್ಬಳಾದ ಮಾರ್ಗರೆಟ್, ಅಂದು ನ್ಯೂಯಾರ್ಕಿನ ವೇದಿಕೆಯ ಮೇಲೆ ನಿಂತು, ಅದು ತನ್ನ ಕಾಲ್ಬೆರಳಿನ ಗಂಟು ಮುರಿಯುವ ಸದ್ದು ಎಂದು ಮಾಡಿಯೇ ತೋರಿಸಿದಳು. ಇದಕ್ಕಿಂತ ಒಳ್ಳೆಯ ಸುಳಿವು ಎಲ್ಲಿ ಸಿಕ್ಕೀತು! ಮೂರನೆಯ ಒಗಟು ಮೇಜಿನಡಿಯ ಬಡಿತದ್ದೇ ಆಗಿದೆ, ಈಗ ಅದನ್ನು ಊಹೆಯಿಂದಲೇ ಬಿಡಿಸಬೇಕು.

ಕೋಣೆಯಲ್ಲಿ ಧೂಪಕ್ಕೆ ಸಾಂಬ್ರಾಣಿ ಹಾಕುತ್ತಾರೆ. ಲಂಡನ್ನಿನ ದೀವಾನಖಾನೆಗೆ ಶುಕ್ರವಾರದ ದೇವರಮನೆಯ ಪರಿಮಳ. ಭಾವನಿಗಂತೂ ದೆವ್ವದ ಬಗ್ಗೆಯೇ ತಕರಾರು. ‘ಇದೆಂಥದ್ದು ಮಾರಾಯ, ಬಂತು, ನಿಂತಿತು, ಹೋಯಿತು. ನಮ್ಮ ತೋಟದ ಚೌಡಿಯಾದರೆ ಏನು ಬೇಕು ಎಂದು ಸರಿಯಾಗಿ ಕೇಳುತ್ತಾಳೆ’ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆ ಬಿಳಿ ಗೌನಿನವಳು ಯಾರು, ಏಕೆ ಬರುತ್ತಾಳೆ ಎಂಬುದನ್ನು ಕಥೆ ಹೇಳುವುದೇ ಇಲ್ಲ.

ಸುಳಿವಿನ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಸುರುಳಿ ಅಕ್ಷರಗಳಲ್ಲಿವೆ. ಕನ್ನಡ ಚೀಟಿಗಳೂ ಬೇಕು. ಬಟ್ಲರ್ ಅಷ್ಟು ಚೆಂದದ ಕನ್ನಡ ಆಡುವಾಗ ಇದೇನು ಕಷ್ಟವಲ್ಲ. ಓದುವ ಕನ್ನಡಕವಿರುವವರು ಮರೆಯದೆ ತನ್ನಿ. ಕತ್ತಲೆಗೆ ಹೆದರುವವರಿಗೆ ಬಾಗಿಲ ಪಕ್ಕ ಹಸಿರು ಗುಂಡಿಯಿದೆ, ಒತ್ತಿದರೆ ತಕ್ಷಣ ತೆರೆಯುತ್ತದೆ. ಗಿರಣಿಗೆ ರಜೆಯಿರುವ ಭಾನುವಾರವೇ ಹೋಗುವುದು ಒಳ್ಳೆಯದು. ಉಳಿದ ದಿನ ಮೇಜು ನಡುಗಿದರೆ ಕಾರಣ ಹುಡುಕಲು ಫ್ಯಾರಡೆ ಬೇಕಾಗುವುದಿಲ್ಲ.